ಬರುವಾಗ ಬೀಗರು, ಹೋಗುವಾಗ ಸಾಲಗಾರರು

ಮನಿಗೆ ನೆಟ್ಟಿನ ವೈರ್ ಹಾಕಿಸುವಾಗ ನಮಗೇನೂ ತ್ರಾಸ ಆಗಲಿಲ್ಲ. ಸಂಜಿಕ್ ಫೋನ್ ಮಾಡಿದ್ವಿ, ಮುಂಜಾನೆ ಏಣಿ ಹೊತ್ಕೊಂಡು ಹುಡುಗರು ಬಂದ್ರು. ಚಾ ಕುಡದ್ರು, ಗ್ವಾಡಿಗೆ ತೂತು ಹಾಕಿದ್ರು, ಆರು ತಿಂಗಳ ರೊಕ್ಕ ಮುಂಗಡ ತಗೊಂಡು ಹೋದ್ರು. ಬಿಡಸಾಕ ಮಾತ್ರ ಮೂರು ವಾರ ಬೇಕಾತು. “ಸಾಹೇಬ್ರು ಊರಾಗಿಲ್ರಿ ಅಕ್ಕಾರ”, “ಸೋಮವಾರ ಬರ್ತೀವ್ರಿ”. ಕಡೀಕ್ ರೌಟರ್ ಡಬ್ಬಿ ನಾನೇ ಅಂಗಡಿಗೆ ಒಯ್ದು ಕೊಟ್ಟು ಬಂದೆ. ಎರಡು ತಿಂಗಳಾದ ಮ್ಯಾಲ ಫೋನು: “ಡಬ್ಬಿ ಜಮಾ ಆಗಿಲ್ರಿ, ಸಾವಿರದ ಐನೂರು ಕಟ್ರಿ.” ರಸೀದಿ ನನ್ನ ಹಂತ್ಯಾಕ ಇಲ್ಲ. ಪರಿಚಯದ ಹುಡುಗ, ಏನ್ ಕೇಳೂದು ಅಂತ ಸುಮ್ನ ಬಂದಿದ್ದೆ.

ಇದು ನಮ್ಮ ಇಂಡ್ಯಾಗಿನ ಒಂದು ಮನಿ ಕತಿ ಅಷ್ಟ ಅಲ್ಲ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ಬೀಗರ ಮನಿಗೆ ಹೋದ್ರೂ ಇದ ಮಾತು. ಬರುವಾಗ ನಾವು ಬೀಗರು, ಹೋಗುವಾಗ ಸಾಲಗಾರರು.

ಮೊಬೈಲಿಗೆ ಹಿಂಗಿಲ್ಲ. 2011ರ ಜನವರಿ 20ರಿಂದ ದೇಶದ ತುಂಬ ನಂಬರ್ ಅದನ್ನ ಇಟ್ಕೊಂಡು ಕಂಪನಿ ಬದಲಿ ಮಾಡಬಹುದು. 1900ಕ್ಕ ಒಂದು ಮೆಸೇಜ್ ಕಳಿಸಿದ್ರ ಕೋಡ್ ಬರ್ತೈತಿ, ಮುಂದಿಂದು ಹೊಸ ಕಂಪನ್ಯಾವರು ನೋಡ್ಕೋತಾರ. ಹಳಬರ ಮುಂದ ಕೈ ಮುಗದು ನಿಲ್ಲೂ ಕೆಲಸಿಲ್ಲ. ಮನಿ ನೆಟ್ಟಿಗೆ ಈ ಸೌಲತ್ತು ಇಲ್ಲ. ಹಳೇದನ್ನ ನಾವ ಬಂದ್ ಮಾಡಿಸಬೇಕು, ಹೊಸದನ್ನ ನಾವ ಹಾಕಿಸಬೇಕು. ಒಯ್ಯಾಕ ನಂಬರೂ ಇಲ್ಲದ ಈ ವ್ಯವಹಾರ ಇನ್ನೂ ಸರಳ ಇರಬೇಕಿತ್ತಲ್ರಿ?

ಅವರ ಮಾತೂ ಕೇಳೂಣು. ಡಬ್ಬಿ ಅವರದು, ಅದಕ್ಕ ರೊಕ್ಕ ಬಿದ್ದಿರ್ತೈತಿ. ತಿರುಗಿ ಕೊಡೂದು ನಮ್ಮ ಧರ್ಮ, ಬಾಕಿ ಇದ್ರ ಕಟ್ಟೂದೂ ಖರೆ. ಆದ್ರ ಕೊಟ್ಟದ್ದಕ್ಕ ಒಂದು ಚೀಟಿ ಬರದು ಕೊಡೂದು ಅವರ ಧರ್ಮ ಅಲ್ಲೇನು? ಹಾಕುವಾಗ ಆಧಾರ್ ಝೆರಾಕ್ಸ್ ಇಸಗೊಳ್ಳೂ ಕೈಗೆ, ಬಿಡಸುವಾಗ ಪೆನ್ನು ಭಾರ ಆಗ್ತೈತೇನು?

ನಮ್ಮ ಕೈ ಪೂರಾ ಖಾಲಿ ಇಲ್ಲ. ಟ್ರಾಯ್ 2012ರಾಗ ಮಾಡಿದ ನಿಯಮದ ಪ್ರಕಾರ ದೊಡ್ಡ ಕಂಪನ್ಯಾವರು ದೂರು ತಗೊಂಡಾಗ ಅದಕ್ಕೊಂದು ನಂಬರ್ ಕೊಡಬೇಕು. ಅಲ್ಲಿ ಬಗೆಹರೀಲಿಲ್ಲ ಅಂದ್ರ ಕಂಪನಿದ ಮೇಲ್ಮನವಿ ಪ್ರಾಧಿಕಾರಕ್ಕ ಹೋಗಬಹುದು, ಅವರು 39 ದಿನದಾಗ ತೀರ್ಮಾನ ಹೇಳಬೇಕು. ಗ್ರಾಹಕ ಸಹಾಯವಾಣಿ 1915 ಐತಿ. ಕಡೀಕ್ ವಿಜಯಪುರದ ಜಿಲ್ಲಾ ಗ್ರಾಹಕರ ಆಯೋಗ ಐತಿ. 2019ರ ಕಾಯ್ದೆ ಬಂದ ಮ್ಯಾಲ ಕಂಪನಿ ಆಫೀಸು ಎಲ್ಲೇ ಇರಲಿ, ನಾವಿರೂ ಜಿಲ್ಲಾದಾಗನ ಕೇಸ್ ಹಾಕಬಹುದು; 5 ಲಕ್ಷದೊಳಗಿನ ವ್ಯವಹಾರಕ್ಕ ಫೀ ಇಲ್ಲ. ಟೆಲಿಕಾಂ ತಕರಾರು ಗ್ರಾಹಕರ ಕೋರ್ಟಿಗೆ ಬರೂದಿಲ್ಲ ಅಂತ ಕಂಪನ್ಯಾವರು ವಾದ ಮಾಡ್ತಿದ್ರು. 2022ರ ಫೆಬ್ರುವರಿಯಾಗ ಸುಪ್ರೀಂ ಕೋರ್ಟು ಬರ್ತೈತಿ ಅಂತ ಹೇಳಿ ಅದನ್ನ ಮುಗಿಸೇತಿ.

ಆದ್ರ ಒಂದೂವರಿ ಸಾವಿರಕ್ಕ ಮುದ್ದೇಬಿಹಾಳದಿಂದ ವಿಜಯಪುರಕ್ಕ ಬಸ್ ಹತ್ತಿ, ಒಂದು ದಿನದ ಕೂಲಿ ಬಿಟ್ಟು ಯಾರು ಹೋಗ್ತಾರ? ಹೋಗೂದಿಲ್ಲ ಅಂತ ಅವರಿಗೆ ಗೊತ್ತೈತಿ. ಅವರ ಧಂದೆ ನಡಿಯೂದು ನಮ್ಮ ಬ್ಯಾಸರದ ಮ್ಯಾಲ, ನಮ್ಮ ಮುಲಾಜಿನ ಮ್ಯಾಲ. ಅದಕ್ಕ ನಿಯಮ ಮಾಡೂವರು ಇಷ್ಟು ಮಾಡಲಿ: ನಮ್ಮ ಒಂದು ಒಪ್ಪಿಗಿ ಮ್ಯಾಲ ಹೊಸ ಕಂಪನ್ಯಾವರ ಹಳೇದನ್ನ ಬಂದ್ ಮಾಡಿಸಲಿ, ಉಳದ ದಿನದ ರೊಕ್ಕ ಕೇಳದ ತಿರುಗಿ ಬರಲಿ.

ಅದು ಆಗೂತನಕ ಮುಲಾಜು ಬಿಡ್ರಿ. ಬಂದ್ ಮಾಡ್ರಿ ಅಂತ ಬಾಯಿಲೆ ಹೇಳಬ್ಯಾಡ್ರಿ, ಬರದು ಕಳಸ್ರಿ. ದೂರಿನ ನಂಬರ್ ಕ್ಯಾಲೆಂಡರ್ ಮ್ಯಾಲ ಬರಕೊಳ್ರಿ. ಡಬ್ಬಿ ಕೊಡುವಾಗ ಅದರ ಬೆನ್ನಿನ ನಂಬರಿಂದು ಒಂದು ಫೋಟೋ ತಕ್ಕೊಂಡು, ತಾರೀಖು ಹಾಕಿಸಿ ಸಹಿ ಇಸಗೊಳ್ರಿ. ಹುಡುಗ ನಮ್ಮ ಓಣಿಯವನ ಇರಲಿ, ಚಾ ಕುಡಿಸಿ ಸಹಿ ಇಸಗೊಳ್ರಿ.

ನಾನಂತೂ ಆ ಸಾವಿರದ ಐನೂರು ಕಟ್ಟಿಲ್ಲ. ದೂರು ಬರದೀನಿ, ನಂಬರ್ ಇಸಗೊಂಡೀನಿ, ದಿನಾ ಎಣಸಾಕತ್ತೀನಿ.