ಚಿದಂಬರ ರಹಸ್ಯಕ್ಕೆ ಹತ್ತಕ್ಕೆ ಒಂಬತ್ತೂವರೆ

ತೇಜಸ್ವಿಯವರ ಕಾದಂಬರಿಗಳಲ್ಲಿ ಯಾವುದು ಮೇಲು ಎಂಬ ಜಗಳ ನಮ್ಮ ಮೂಡಿಗೆರೆ ಕಡೆ ಮಳೆಗಾಲದಷ್ಟೇ ಖಾಯಂ. ಗೆಲ್ಲುವುದು ‘ಕರ್ವಾಲೊ’, ಇಲ್ಲವೇ ‘ಜುಗಾರಿ ಕ್ರಾಸ್’. ನನ್ನ ತಕರಾರಿರುವುದು ಅಳತೆಗೋಲಿನ ಬಗ್ಗೆ. ಒಮ್ಮೆಯಾದರೂ ಇವನ್ನು ಭಯದ ಕಾದಂಬರಿಗಳೆಂದು ಓದಿ, ಹೆದರಿಸುವ ಶಕ್ತಿಗೆ ಅಂಕ ಕೊಟ್ಟು ನೋಡಿ. ಪಟ್ಟಿ ತಲೆಕೆಳಗಾಗುತ್ತದೆ.

ಹೀಗೆಂದರೆ ನಗುವವರಿದ್ದಾರೆ. ಅವರ ಲೆಕ್ಕದಲ್ಲಿ ಕನ್ನಡದ ಹಾರರ್ ಎಂದರೆ ಹುಣಸೆಮರ, ಬಿಳಿ ಸೀರೆ, ಹಿಂದುಮುಂದಾದ ಪಾದ. ಒಳ್ಳೆಯದು ಬೇಕಾದರೆ ಸ್ಟೀಫನ್ ಕಿಂಗ್ ಓದಬೇಕು. ತೇಜಸ್ವಿಯೋ, ಪರಿಸರ ಲೇಖಕರು! ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಮಂಜಿನ ಫೋಟೊ ಹಾಕಿ, ಕೆಳಗೆ ಅವರ ಹೆಸರು ಬರೆದುಕೊಂಡರೆ ಮುಗಿಯಿತು. ಆ ಮಂಜಿನ ಅಡಿಯಲ್ಲೇ 2019ರ ಆಗಸ್ಟಿನಲ್ಲಿ ಮಲೆಮನೆ, ಮಧುಗುಂಡಿಯ ಕಡೆ ಗುಡ್ಡ ಜಾರಿದ್ದು ಯಾರ ಫೋಟೊದಲ್ಲೂ ಇರುವುದಿಲ್ಲ. ಮಲೆನಾಡಿನವರಿಗೆ ಹೆದರಲು ದೆವ್ವ ಬೇಕಿಲ್ಲ. ಇದು ಗೊತ್ತಿದ್ದ ಲೇಖಕನನ್ನು ನಾವು ಹೋಂಸ್ಟೇ ಗೋಡೆಯ ಚಿತ್ರ ಮಾಡಿಟ್ಟಿದ್ದೇವೆ.

ಅಂಕಕ್ಕೆ ಬರೋಣ. ‘ಕರ್ವಾಲೊ’ಗೆ (1980) ಮೂರು. ಕೋಪ ಮಾಡಿಕೊಳ್ಳಬೇಡಿ, ನನಗೂ ಅದು ಪ್ರೀತಿಯ ಪುಸ್ತಕವೇ. ಆದರೆ ಹಾರುವ ಓತಿ ಕಣಿವೆಗೆ ತೇಲಿಹೋಗುವಾಗ ಎದೆ ನಡುಗುವುದು ಬೆರಗಿನಿಂದ. ಮಂದಣ್ಣ, ಕಿವಿ, ಬಿರಿಯಾನಿ ಕರಿಯಪ್ಪ ಜೊತೆಗಿರುವ ಕಾಡಿನಲ್ಲಿ ಯಾರು ತಾನೆ ಹೆದರುತ್ತಾರೆ?

ಕೆನೆತ್ ಆ್ಯಂಡರ್ಸನ್ ಬೇಟೆಯ ಅನುಭವಗಳನ್ನು ಅವರು ಕನ್ನಡಕ್ಕೆ ತಂದ ‘ಕಾಡಿನ ಕಥೆಗಳು’ ಕಾದಂಬರಿಯಲ್ಲ. ಆದರೂ ಆರು ಅಂಕ ಕೊಡುತ್ತೇನೆ. ‘ಪೆದ್ದಚೆರುವಿನ ರಾಕ್ಷಸ’ ಓದಿದ ರಾತ್ರಿ ಅಂಗಳಕ್ಕೆ ಇಳಿಯಲು ಹಿಂದೆಮುಂದೆ ನೋಡಿದವರು ನನ್ನ ವಯಸ್ಸಿನಲ್ಲಿ ಎಷ್ಟೋ ಜನ. ಆದರೆ ನರಭಕ್ಷಕನ ಭಯಕ್ಕೆ ಒಂದು ಗುಂಡಿನ ಪರಿಹಾರವಿದೆ.

‘ಜುಗಾರಿ ಕ್ರಾಸ್’ (1994) ಏಳು. ಸುರೇಶ, ಗೌರಿ ಎಂಬ ಕೃಷಿಕ ದಂಪತಿಯ ಒಂದು ದಿನದೊಳಗೆ ಏಲಕ್ಕಿ, ಕೆಂಪು ಕಲ್ಲು, ಕಾಳದಂಧೆ ಎಲ್ಲವೂ ನುಗ್ಗುತ್ತವೆ. ರೈಲಿನ ಭಾಗವನ್ನು ಉಸಿರು ಬಿಗಿಹಿಡಿದೇ ಓದಬೇಕು. ಆದರೆ ಅದು ಓಟದ ಭಯ. ಗಂಡಹೆಂಡತಿ ಪಾರಾಗಲಿ ಎಂದು ನಾವೂ ಜೊತೆಗೆ ಓಡುತ್ತೇವೆ, ಪುಸ್ತಕ ಮುಚ್ಚಿದ ಮೇಲೆ ಕಾಲು ನಿಲ್ಲುತ್ತದೆ.

‘ಚಿದಂಬರ ರಹಸ್ಯ’ದಲ್ಲಿ (1985) ಓಡಲು ಜಾಗವೇ ಇಲ್ಲ. ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವಿನ ಗುಟ್ಟು ಹುಡುಕಿಕೊಂಡು ಶ್ಯಾಮನಂದನ ಅಂಗಡಿ ಕೆಸರೂರಿಗೆ ಬರುತ್ತಾನೆ. ಪತ್ತೇದಾರಿ ಎಂದುಕೊಂಡು ಶುರುಮಾಡಿದ್ದೆ. ನಕ್ಕೆ ಕೂಡ, ಅಷ್ಟು ತಮಾಷೆಯಾಗಿದೆ. ನಗುತ್ತಿರುವಾಗಲೇ ವದಂತಿಗಳು ಬೆಳೆಯುತ್ತವೆ, ರಫಿ ಮತ್ತು ಜಯಂತಿಯ ಪ್ರೀತಿ ಊರಿನ ಜಗಳವಾಗುತ್ತದೆ, ಸುತ್ತ ಲಂಟಾನ ಬೆಳೆಯುತ್ತದೆ. ಕೊನೆಗೆ ಬೆಂಕಿ. ಕಿಂಗ್ ಅವರ ‘ಇಟ್’ ಬಂದದ್ದು ಮರುವರ್ಷ, 1986ರಲ್ಲಿ. ಅಲ್ಲಿಯೂ ಡೆರಿ ಎಂಬ ಒಂದು ಕಲ್ಪಿತ ಊರು, ಕಂಡರೂ ಕಾಣದಂತಿರುವ ದೊಡ್ಡವರು. ಆದರೆ ಡೆರಿಯ ನೆಲದಡಿ ಒಂದು ರಾಕ್ಷಸವಿದೆ, ತಪ್ಪನ್ನು ಅದರ ತಲೆಗೆ ಕಟ್ಟಬಹುದು. ಕೆಸರೂರಿನ ನೆಲದಡಿ ಏನೂ ಇಲ್ಲ. ಅಲ್ಲಿರುವವರು ನಮ್ಮ ಸಂತೆಯಲ್ಲಿ ದಿನಾ ಸಿಗುವವರೇ. ನಾನು ಕಿಂಗ್ ಅಭಿಮಾನಿಯೇ. ಆದರೂ ಈ ಒಂದು ವಿಷಯದಲ್ಲಿ ಮೂಡಿಗೆರೆಯೇ ಗೆದ್ದಿದೆ.

ಇದಕ್ಕೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತರಗತಿಗಳಲ್ಲಿ ‘ಸಾಮಾಜಿಕ ವಿಡಂಬನೆ’ ಎಂದು ಪಾಠವಾಯಿತು. ವಿಡಂಬನೆ ಎಂದ ಕೂಡಲೇ ಅದು ಬೇರೆ ಯಾರದೋ ಕಥೆಯಾಗಿಬಿಡುತ್ತದೆ, ಓದುವವನು ಹೊರಗೆ ನಿಂತು ನಗಬಹುದು. ಬಾಬಾಬುಡನ್‌ಗಿರಿಯ ವಿವಾದವನ್ನು ಚಿಕ್ಕಂದಿನಿಂದ ಕೇಳುತ್ತ ಬೆಳೆದ ಈ ಜಿಲ್ಲೆಯ ಹುಡುಗರಿಗೆ ಆ ಸೌಕರ್ಯ ಯಾಕೆ? ಡಿಸೆಂಬರ್ ಬಂತೆಂದರೆ ಯಾವ ಮಾತು ಯಾರ ಮುಂದೆ ಆಡಬೇಕು ಎಂದು ನಮ್ಮ ಮನೆಯಲ್ಲೂ ತೂಗಿ ನೋಡುತ್ತೇವೆ. ಫೆಬ್ರುವರಿಯಲ್ಲಿ ಬೇಲಿಯಾಚೆಯ ಲಂಟಾನ ಒಣಗಿ ಚಟಚಟ ಎನ್ನುವಾಗ ನನಗೆ ನೆನಪಾಗುವುದು ಆ ಪುಸ್ತಕ, ನಗು ಬರುವುದಿಲ್ಲ.

ರಫಿ, ಜಯಂತಿ ಬಂಡೆಯ ಗುಡ್ಡ ಹತ್ತಿ ಉಳಿಯುತ್ತಾರಲ್ಲ, ಅದು ಆಶಾವಾದ ಎನ್ನುತ್ತಾರೆ. ಇರಬಹುದು. ಆದರೆ ಅವರು ಇಳಿದು ಬರಲು ಊರೆಲ್ಲಿದೆ?

ಅರ್ಧ ಅಂಕ ಕಳೆದದ್ದಕ್ಕೂ ಕಾರಣವಿದೆ. ಆ ಬೆಂಕಿ ಲೇಖಕರ ಕೆಲಸವನ್ನು ಸ್ವಲ್ಪ ಬೇಗ ಮುಗಿಸಿಕೊಡುತ್ತದೆ. ಕೆಸರೂರು ಉರಿಯದೆ ಹಾಗೇ ಉಳಿದು, ಮರುದಿನ ಬೆಳಿಗ್ಗೆ ಎಲ್ಲರೂ ಎಂದಿನಂತೆ ಅಂಗಡಿ ಬಾಗಿಲು ತೆಗೆದಿದ್ದರೆ ಹತ್ತಕ್ಕೆ ಹತ್ತು ಕೊಡುತ್ತಿದ್ದೆ.

ಜುಗಾರಿ ಕ್ರಾಸ್ ಪಕ್ಷದವರು ಉತ್ತರ ಬರೆಯಲಿ. ಬರೆಯುವ ಮುಂಚೆ ಚಿದಂಬರ ರಹಸ್ಯದ ಕೊನೆಯ ಭಾಗವನ್ನು ಇನ್ನೊಮ್ಮೆ, ಸಾಧ್ಯವಾದರೆ ಬೇಸಿಗೆಯಲ್ಲಿ, ಓದಿಕೊಂಡು ಬರಲಿ.