ಎತ್ತಿಗೆ ಜ್ವರ, ಗ್ರಾಫಿಕ್ಸ್ ಕಾರ್ಡಿಗೆ ಬರೆ

ಕಾರ್ಡಿನಲ್ಲಿರುವುದು 24 ಜಿಬಿ ವಿಡಿಯೊ ಮೆಮೊರಿ. ಮನೆಯಲ್ಲಿಟ್ಟು ಆಟ ಆಡುವವರಿಗೆ ಆಗ ಅದಕ್ಕಿಂತ ಹೆಚ್ಚು ಮೆಮೊರಿಯ ಕಾರ್ಡು ಅಂಗಡಿಯಲ್ಲಿ ಸಿಗುತ್ತಲೇ ಇರಲಿಲ್ಲ. ಆದರೂ ಆಟ ಶುರುವಾಗುವ ಹೊತ್ತಿಗೆ ತೆರೆಯ ನಡುವೆ ಪುಟ್ಟದೊಂದು ಚೌಕ ಮೂಡಿ, ವಿಡಿಯೊ ಮೆಮೊರಿ ಸಾಲುತ್ತಿಲ್ಲ ಎನ್ನುತ್ತದೆ. ಓಕೆ ಒತ್ತಿದರೆ ಆಟ ಮಾಯ, ಡೆಸ್ಕ್‌ಟಾಪ್ ಪ್ರತ್ಯಕ್ಷ. 2024ರ ಮೊದಲ ತಿಂಗಳುಗಳಲ್ಲಿ ತಾವೇ ಬಿಡಿಭಾಗ ಆರಿಸಿ ಕಂಪ್ಯೂಟರ್ ಜೋಡಿಸಿಕೊಂಡ ಎಷ್ಟೋ ಮಂದಿ ಈ ಚೌಕವನ್ನು ನೋಡಿ ನೋಡಿ ಬೇಸತ್ತಿದ್ದರು. ಗ್ರಾಫಿಕ್ಸ್ ಡ್ರೈವರ್ ತೆಗೆದು ಮತ್ತೆ ಹಾಕಿದರು, ವಿಂಡೋಸ್ ಫಾರ್ಮ್ಯಾಟ್ ಮಾಡಿದರು, ಕೆಲವರು ಕಾರ್ಡನ್ನೇ ಬದಲಿಸಿದರು. ಕಾರ್ಡಿನ ತಪ್ಪೇನೂ ಇರಲಿಲ್ಲ. ಕೆಟ್ಟಿದ್ದು ಪಕ್ಕದಲ್ಲಿ ಸುಮ್ಮನೆ ಕೂತಿದ್ದ ಪ್ರೊಸೆಸರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ.

ಹೀಗಾಗಲು ಕಾರಣವಿದೆ. ದೊಡ್ಡ ಆಟಗಳ ಕಡತಗಳನ್ನು ಜಾಗ ಉಳಿಸಲು ಒತ್ತಿ ಮಡಿಸಿಟ್ಟಿರುತ್ತಾರೆ. ಆಟ ತೆರೆದಾಗ ಅವನ್ನು ಬಿಚ್ಚಬೇಕು, ಶೇಡರ್ ಎಂಬ ಚಿಕ್ಕ ಚಿಕ್ಕ ಪ್ರೋಗ್ರಾಮ್‌ಗಳನ್ನು ಸಿದ್ಧಪಡಿಸಬೇಕು. ಅಷ್ಟು ಹೊತ್ತು ಪ್ರೊಸೆಸರ್‌ನ ಒಂದು ಕೋರ್‌ಗೂ ಬಿಡುವಿಲ್ಲ. ಬಿಚ್ಚುವಾಗ ಒಂದೇ ಒಂದು ಬಿಟ್ ಅದಲುಬದಲಾದರೂ ಲೆಕ್ಕ ಕೂಡುವುದಿಲ್ಲ. ಲೆಕ್ಕ ಮಾಡುವವನೇ ತಪ್ಪಿದ್ದಾನೆಂದು ಆಟಕ್ಕೆ ಹೇಗೆ ತಿಳಿಯಬೇಕು? ಮೆಮೊರಿ ಸಿಗಲಿಲ್ಲ ಎಂದುಕೊಂಡು ಅದನ್ನೇ ಹೇಳಿಬಿಡುತ್ತದೆ. ಕಡತ ಬಿಚ್ಚುವ 'ಊಡಲ್' ತಂತ್ರಾಂಶದ ತಯಾರಕರಾದ ರ‍್ಯಾಡ್ ಗೇಮ್ ಟೂಲ್ಸ್‌ನವರು, ದೋಷ ತಮ್ಮದಲ್ಲ, ಯಂತ್ರವನ್ನು ಪರೀಕ್ಷಿಸಿ ಎಂದರು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಪ್ರೊಸೆಸರ್ ಇರುವವರು ಇಂಟೆಲ್‌ನವರನ್ನೇ ವಿಚಾರಿಸಲಿ ಎಂದು 2024ರ ಏಪ್ರಿಲ್‌ನಲ್ಲಿ ಎನ್‌ವಿಡಿಯಾ ಕೂಡ ಹೇಳಿತು. ಅಷ್ಟರಲ್ಲಿ ಬಳಕೆದಾರರೇ ಒಂದು ಸುಳಿವು ಹಿಡಿದಿದ್ದರು: ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ಗೆ ಹೋಗಿ ಕೋರ್‌ಗಳ ವೇಗವನ್ನು ಒಂದೆರಡು ಹೆಜ್ಜೆ ಇಳಿಸಿದರೆ ವಿಡಿಯೊ ಮೆಮೊರಿಯ ಕೊರತೆ ತಂತಾನೇ ನೀಗುತ್ತಿತ್ತು!

ಇಂಟೆಲ್ ಮೊದಲು ಬೆರಳು ತೋರಿಸಿದ್ದು ಮದರ್‌ಬೋರ್ಡ್ ಕಂಪನಿಗಳ ಕಡೆಗೆ. ಆ ಮಾತಿನಲ್ಲಿ ಅರ್ಧ ಸತ್ಯವಿತ್ತು, ಅದಕ್ಕೆ ಮುಂದೆ ಬರೋಣ. ಜುಲೈನಲ್ಲಿ, ಪ್ರೊಸೆಸರ್‌ನ ಒಳಗಿನ ತಂತ್ರಾಂಶವಾದ ಮೈಕ್ರೊಕೋಡ್ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದೆ ಎಂದು ಅದು ಒಪ್ಪಿಕೊಂಡಿತು. ಆಗಸ್ಟ್‌ನಲ್ಲಿ ತಿದ್ದುಪಡಿ ಬಂತು. ಮೂರು ವರ್ಷದ ವಾರಂಟಿಗೆ ಇನ್ನೆರಡು ವರ್ಷ ಸೇರಿತು. ಕೋರ್‌ನೊಳಗಿನ ಕ್ಲಾಕ್ ಮಂಡಲವೇ ಹೆಚ್ಚಿನ ವೋಲ್ಟೇಜ್ ಮತ್ತು ಶಾಖಕ್ಕೆ ಸಿಕ್ಕಿ ಸವೆಯುತ್ತಿದೆ ಎಂಬ ವಿವರ ಹೊರಬಂದದ್ದು ಸೆಪ್ಟೆಂಬರ್‌ನಲ್ಲಿ. 13ನೇ ತಲೆಮಾರು ಮಾರಾಟಕ್ಕೆ ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಅಂದರೆ ಕಾಯಿಲೆಗೆ ಹೆಸರಿಡಲು ಸುಮಾರು ಎರಡು ವರ್ಷ ಹಿಡಿಯಿತು. ತಿದ್ದುಪಡಿ ಮುಂದಿನ ಸವೆತವನ್ನು ತಡೆಯಬಹುದು. ಆಗಲೇ ಸವೆದದ್ದು ಸವೆದದ್ದೇ.

ಆ ಎರಡು ವರ್ಷ ಪತ್ತೇದಾರಿ ಮಾಡಿದ್ದು ಯಾರು? ದುಡ್ಡು ಕೊಟ್ಟು ಕೊಂಡವರು. ತಕರಾರು ಇರುವುದು ಇಲ್ಲೇ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದು, ಪ್ರೊಸೆಸರ್ ಒಂದು ಕಡೆ, ರ‍್ಯಾಮ್ ಇನ್ನೊಂದು ಕಡೆ, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಮತ್ತೊಂದು ಕಡೆ ಚೌಕಾಸಿ ಮಾಡಿ ಕೊಂಡವರಿಗೆ ಉಳಿತಾಯವೇನೋ ಆಗುತ್ತದೆ. ಯಂತ್ರ ಕೈಕೊಟ್ಟ ದಿನ ಮಾತ್ರ ಅವರ ಕೈಯಲ್ಲಿ ಬೇರೆ ಬೇರೆ ಬಿಲ್ಲು, ಬೇರೆ ಬೇರೆ ಸರ್ವಿಸ್ ಸೆಂಟರ್. ಒಬ್ಬ ಹೇಳುವುದು 'ಒಂದ್ಸಲ ಫಾರ್ಮ್ಯಾಟ್ ಮಾಡಿ ನೋಡಿ ಸಾರ್'. ಇನ್ನೊಬ್ಬನದು 'ನಮ್ಮ ಕಾರ್ಡ್ ಇಲ್ಲಿ ಸರಿಯಾಗೇ ಓಡ್ತಿದೆ ಸಾರ್, ನಿಮ್ಮ ಬೋರ್ಡ್ ಚೆಕ್ ಮಾಡಿಸಿ'. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರ ಮೇಜಿನ ಮೇಲೆ ಹತ್ತು ನಿಮಿಷ ಓಡಿಸಿದರೆ ಯಾವ ತೊಂದರೆಯೂ ಕಾಣುವುದಿಲ್ಲ. ಬೀಳುವುದು ಆಟದ ನಡುವೆ, ಎಲ್ಲ ಬಿಡಿಭಾಗಗಳೂ ಒಟ್ಟಿಗೆ ಬಿಸಿಯೇರಿ ಒಟ್ಟಿಗೆ ವಿದ್ಯುತ್ ಎಳೆಯುವಾಗ.

ಈಗ ಆ ಅರ್ಧ ಸತ್ಯದ ಮಾತು. ಕೋರ್ ಐ9 14900ಕೆ ಪ್ರೊಸೆಸರ್‌ಗೆ ಇಂಟೆಲ್ ಹಾಕಿದ ಗರಿಷ್ಠ ವಿದ್ಯುತ್ ಮಿತಿ 253 ವ್ಯಾಟ್. ಹಲವು ಮದರ್‌ಬೋರ್ಡ್‌ಗಳ ಬಯಾಸ್ ತೆರೆದು ಆ ಸಾಲಿಗೆ ಇಳಿದರೆ ಕಾಣುತ್ತಿದ್ದ ಅಂಕಿ 4096. ಅಷ್ಟು ವ್ಯಾಟ್ ಎಳೆಯುವ ಮನೆಬಳಕೆಯ ಪ್ರೊಸೆಸರ್ ಲೋಕದಲ್ಲೇ ಇಲ್ಲ. ಅದರರ್ಥ ಮಿತಿ ತೆಗೆದುಹಾಕಿದ್ದೇವೆ ಎಂದಷ್ಟೆ. ಬಳಕೆದಾರರು ಕೈಯಿಟ್ಟು ಬದಲಿಸಿದ್ದಲ್ಲ, ಪೆಟ್ಟಿಗೆಯಿಂದ ಹೊರಬರುವಾಗಲೇ ಹಾಗಿತ್ತು. ವಿಮರ್ಶಕರ ಪಟ್ಟಿಯಲ್ಲಿ ಪಕ್ಕದ ಬೋರ್ಡಿಗಿಂತ ನಾಲ್ಕು ಅಂಕ ಮೇಲೆ ಬರಬೇಕೆಂಬ ಪೈಪೋಟಿಯ ಫಲ. ಅದು ಇಂಟೆಲ್‌ಗೆ ಗೊತ್ತಿರಲಿಲ್ಲವೆಂದರೆ ನಂಬುವುದು ಕಷ್ಟ. ಪ್ರೊಸೆಸರ್ ವೇಗವಾಗಿ ಕಂಡಷ್ಟು ದಿನ ಯಾರೂ ದೂರಲಿಲ್ಲ.

ರ‍್ಯಾಮ್‌ನದು ಇನ್ನೂ ತಮಾಷೆ. ಡಿಡಿಆರ್5 ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 6000 ಎಂದಿರುತ್ತದೆ. ಬೋರ್ಡಿಗೆ ಸಿಕ್ಕಿಸಿದರೆ ಓಡುವುದು ಸಾಮಾನ್ಯವಾಗಿ 4800ರಲ್ಲಿ. ಪೆಟ್ಟಿಗೆಯ ಮೇಲಿನ ವೇಗ ಬೇಕೆಂದರೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಬೇಕು. ಆನ್ ಮಾಡಿದರೆ ಅದು ಓವರ್‌ಕ್ಲಾಕಿಂಗ್, ಅದರಿಂದ ಪ್ರೊಸೆಸರ್ ಕೆಟ್ಟರೆ ವಾರಂಟಿ ತಪ್ಪಬಹುದೆಂದು ಪ್ರೊಸೆಸರ್ ಕಂಪನಿಗಳು ಸಣ್ಣಕ್ಷರದಲ್ಲಿ ಬರೆದಿರುತ್ತವೆ. ಮಾರುವುದು ಒಂದು ವೇಗ, ಹೊಣೆ ಹೊರುವುದು ಇನ್ನೊಂದು ವೇಗಕ್ಕೆ. 2023ರ ಏಪ್ರಿಲ್‌ನಲ್ಲಿ ಎಎಂಡಿಯ ರೈಜನ್ 7800ಎಕ್ಸ್3ಡಿ ಪ್ರೊಸೆಸರ್‌ಗಳು ಕೆಲವು ಕಡೆ ಸುಟ್ಟು ಉಬ್ಬಿದಾಗ ಹೊರಬಿದ್ದದ್ದೂ ಇದೇ. ಎಕ್ಸ್‌ಪೋ ಆನ್ ಮಾಡಿದೊಡನೆ ಕೆಲವು ಬೋರ್ಡ್‌ಗಳು ವೋಲ್ಟೇಜನ್ನು ಮಿತಿಮೀರಿ ಏರಿಸುತ್ತಿದ್ದವು. ಆಮೇಲೆ ಬಯಾಸ್ ತಿದ್ದಿ 1.3 ವೋಲ್ಟ್‌ಗೆ ಬೇಲಿ ಹಾಕಿದರು.

ಯಂತ್ರವೇ ತಪ್ಪು ಲೆಕ್ಕ ಮಾಡುವುದು ತೀರ ಅಪರೂಪ ಎಂಬ ನಂಬಿಕೆ ಗಟ್ಟಿಯಾಗಿದೆ. ಗಿಲ್ಡ್ ವಾರ್ಸ್ ಆಟವನ್ನು ಕಟ್ಟಿದವರು ಅದನ್ನು ಪರೀಕ್ಷೆಗೆ ಒಡ್ಡಿದ್ದರು. ಅರ್ಥವಾಗದ ದೋಷವರದಿಗಳು ಬರುತ್ತಲೇ ಇದ್ದುದರಿಂದ, ಆಟ ನಡೆಯುತ್ತಿರುವಾಗಲೇ ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಕಂಪ್ಯೂಟರಿಗೆ ಕೊಟ್ಟು ತಾಳೆ ನೋಡುವ ಏರ್ಪಾಡನ್ನು ಆಟದೊಳಗೇ ಇಟ್ಟರು. ತಂಡದಲ್ಲಿದ್ದ ಪ್ಯಾಟ್ರಿಕ್ ವ್ಯಾಟ್ ಮುಂದೆ ಬರೆದುಕೊಂಡ ಪ್ರಕಾರ, ನೂರರಲ್ಲಿ ಹೆಚ್ಚುಕಡಿಮೆ ಒಂದು ಕಂಪ್ಯೂಟರ್ ಆ ಲೆಕ್ಕದಲ್ಲಿ ಫೇಲಾಯಿತು. ಮಿತಿಮೀರಿದ ವೇಗ, ಹೊಂದದ ರ‍್ಯಾಮ್, ಶಕ್ತಿ ಸಾಲದ ಎಸ್‌ಎಂಪಿಎಸ್, ದೂಳು ಕಟ್ಟಿದ ಫ್ಯಾನ್ ಇವೇ ಕಾರಣ. ಮೈಕ್ರೊಸಾಫ್ಟ್‌ನ ಸಂಶೋಧಕರು 2011ರಲ್ಲಿ ಸುಮಾರು ಹತ್ತು ಲಕ್ಷ ಕಂಪ್ಯೂಟರ್‌ಗಳ ಕ್ರ್ಯಾಶ್ ದಾಖಲೆ ಜಾಲಾಡಿದರು. ಒಟ್ಟು 30 ದಿನದಷ್ಟು ಓಡಿದ ಯಂತ್ರಗಳಲ್ಲಿ 190ಕ್ಕೆ ಒಂದು ಪ್ರೊಸೆಸರ್ ಕಡೆಯ ದೋಷದಿಂದ ಬಿದ್ದಿತ್ತು. ಒಮ್ಮೆ ಹಾಗೆ ಬಿದ್ದದ್ದು ಮತ್ತೆ ಬೀಳುವ ಸಂಭವ ಮೂರಕ್ಕೆ ಒಂದು. ಹೆಸರಾಂತ ಕಂಪನಿಗಳು ಜೋಡಿಸಿದ ಯಂತ್ರಗಳಿಗಿಂತ ಅಸೆಂಬಲ್ ಮಾಡಿದವು ಹೆಚ್ಚು ಬೀಳುತ್ತವೆ ಎಂಬುದೂ ಆ ಲೆಕ್ಕದಲ್ಲಿ ಕಂಡುಬಂತು. ಮನೆಯಲ್ಲಿ ಜೋಡಿಸಿಕೊಳ್ಳುವವರಿಗೆ ಇದು ರುಚಿಸದ ಮಾತು.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಬಿದ್ದ ರೀತಿಯನ್ನೇ ಮೊದಲು ನೋಡಬೇಕು. ಸ್ವಿಚ್ ತೆಗೆದ ಹಾಗೆ ಗಪ್ಪನೆ ಆರಿಹೋದರೆ ಅನುಮಾನ ಎಸ್‌ಎಂಪಿಎಸ್ ಮೇಲೆ, ಇಲ್ಲವೇ ವಿಪರೀತ ಬಿಸಿಯ ಮೇಲೆ. ತೆರೆ ಕಪ್ಪಾಗಿ ಆಟದ ಸದ್ದು ಮಾತ್ರ ಕೇಳುತ್ತಿದ್ದರೆ ಗ್ರಾಫಿಕ್ಸ್ ಕಡೆ. ಕಾರ್ಡು ಎರಡು ಸೆಕೆಂಡು ಉತ್ತರ ಕೊಡದಿದ್ದರೆ ವಿಂಡೋಸ್ ಅದರ ಡ್ರೈವರನ್ನು ಕೆಡವಿ ಮತ್ತೆ ಎಬ್ಬಿಸಲು ನೋಡುತ್ತದೆ. ನೀಲಿ ತೆರೆಯಲ್ಲಿ 'ವೀಯಾ' (WHEA) ಎಂಬ ಪದವಿದ್ದರೆ ಯಂತ್ರವೇ ತನ್ನ ತಪ್ಪನ್ನು ವರದಿ ಮಾಡಿದೆ ಎಂದರ್ಥ. ಇವೆಂಟ್ ವ್ಯೂವರ್‌ನಲ್ಲಿ 'ಕರ್ನಲ್ ಪವರ್ 41' ಕಂಡೊಡನೆ ಎಸ್‌ಎಂಪಿಎಸ್ ಬದಲಿಸಲು ಓಡುವವರಿದ್ದಾರೆ. ಸರಿಯಾಗಿ ಷಟ್‌ಡೌನ್ ಆಗಲಿಲ್ಲ ಎಂಬುದರ ಹೊರತು ಆ ಸಾಲು ಏನನ್ನೂ ಹೇಳುವುದಿಲ್ಲ.

ಆಮೇಲಿನ ಕೆಲಸ ಬೇಸರದ್ದು, ಆದರೆ ಬಿಟ್ಟಿ. ಬಯಾಸನ್ನು ಹೊಸದಕ್ಕೆ ಏರಿಸಿ, ಎಕ್ಸ್‌ಎಂಪಿ ಆಫ್ ಮಾಡಿ, ವಿದ್ಯುತ್ ಮಿತಿಯನ್ನು ಪ್ರೊಸೆಸರ್ ಕಂಪನಿ ಹೇಳಿದ ಅಂಕಿಗೆ ಇಳಿಸಿ ಅದೇ ಆಟ ಆಡಿ ನೋಡುವುದು. ನಿಂತಿತೇ? ಒಂದೊಂದನ್ನೇ ಹಿಂದಕ್ಕೆ ತರಬೇಕು, ಎರಡನ್ನು ಒಟ್ಟಿಗೆ ಮುಟ್ಟಬಾರದು. ನಿಲ್ಲದಿದ್ದರೆ ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ ಬೆಳಿಗ್ಗೆ ಒಂದು ಕೆಂಪು ಸಾಲಾದರೂ ಇದೆಯೇ ನೋಡಬೇಕು. ಡ್ರೈವರ್ ಬದಲಿಸುವುದು ವ್ಯರ್ಥವೆಂದೂ ಅಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಹೊಸದಾಗಿ ಬಂದ ಆರ್‌ಟಿಎಕ್ಸ್ 3080 ಕಾರ್ಡುಗಳು ಆಟದ ನಡುವೆ ಬೀಳತೊಡಗಿದಾಗ ಕೆಪಾಸಿಟರ್ ಸರಿಯಿಲ್ಲ ಎಂಬ ಗುಲ್ಲೆದ್ದಿತ್ತು. ಎರಡು ವಾರದೊಳಗೆ ಬಂದ ಡ್ರೈವರ್‌ನಿಂದಲೇ ಬಹಳಷ್ಟು ಕಾರ್ಡು ಸುಧಾರಿಸಿದವು.

ನಮ್ಮ ಮನೆಗಳಲ್ಲಿ ಇನ್ನೊಬ್ಬ ಶಂಕಿತನಿದ್ದಾನೆ: ಮೇಜಿನ ಕೆಳಗಿನ ಯುಪಿಎಸ್. ಸಾಮಾನ್ಯವಾಗಿ ಕೊಳ್ಳುವ 600 ವಿಎ ಪೆಟ್ಟಿಗೆ ತಡೆಯುವುದು 360 ವ್ಯಾಟ್ ಆಸುಪಾಸು. ಟ್ಯಾಲಿಗೆ, ಆನ್‌ಲೈನ್ ತರಗತಿಗೆ ಅದು ಧಾರಾಳ. ದೊಡ್ಡ ಕಾರ್ಡಿರುವ ಯಂತ್ರ ಆಟದ ಭರದಲ್ಲಿ 450 ವ್ಯಾಟ್ ಎಳೆದರೆ ಒಮ್ಮೆ ಕೀರಲು ಬೀಪ್ ಬಂದು ಎಲ್ಲ ಕತ್ತಲೆ. ಗ್ರಾಫಿಕ್ಸ್ ಕಾರ್ಡುಗಳು ಕಣ್ಣೆವೆ ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ವಿಪರೀತ ವಿದ್ಯುತ್ ಎಳೆಯುವುದೂ ಉಂಟು. 2022ರ ಎಟಿಎಕ್ಸ್ 3.0 ಮಾನದಂಡ, ದೊಡ್ಡ ಎಸ್‌ಎಂಪಿಎಸ್‌ಗಳು ತಮ್ಮ ಶಕ್ತಿಯ ಎರಡರಷ್ಟನ್ನು 100 ಮೈಕ್ರೊಸೆಕೆಂಡ್ ತಡೆಯಬೇಕೆಂದು ಹೇಳಿದ್ದು ಅದಕ್ಕೇ. ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಂ ಎನ್ನುತ್ತಿದ್ದರೆ ಆಟದ ಚಿಂತೆ ಪಕ್ಕಕ್ಕಿಟ್ಟು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸುವುದು ಒಳ್ಳೆಯದು.

ಇದೆಲ್ಲವನ್ನೂ ಉತ್ಸಾಹಿಗಳು ಕಲಿತಾರು. ಕಲಿಯಲೇಬೇಕೆಂದು ಒತ್ತಾಯಿಸುವುದು ಮಾತ್ರ ಅನ್ಯಾಯ. ಪೆಟ್ಟಿಗೆ ತೆರೆದು ಜೋಡಿಸಿದ ಕ್ಷಣದಲ್ಲಿ ಬೋರ್ಡು ಪ್ರೊಸೆಸರ್ ಕಂಪನಿಯ ಮಿತಿಯೊಳಗೇ ಓಡಬೇಕು. ವೇಗ ಬೇಕಾದವರು ಅಪಾಯದ ಎಚ್ಚರಿಕೆ ಓದಿ ತಾವೇ ಏರಿಸಿಕೊಳ್ಳಲಿ. ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ ವೇಗಕ್ಕೆ ವಾರಂಟಿಯೂ ಇರಬೇಕು, ಇಲ್ಲವಾದರೆ ಆ ಅಂಕಿಯನ್ನು ಅಚ್ಚು ಹಾಕುವುದೇ ಬೇಡ. ಉತ್ತರ ಗೊತ್ತಿರುವ ಲೆಕ್ಕ ಕೊಟ್ಟು ಯಂತ್ರವನ್ನು ಪರೀಕ್ಷಿಸುವ ಕೆಲಸವನ್ನು ಒಂದು ಆಟದ ತಂಡ ಎಂದೋ ಮಾಡಿ ತೋರಿಸಿದೆ. ವಿಂಡೋಸ್ ಅದನ್ನು ಬಿಡುವಿನ ವೇಳೆ ಮಾಡಿ ನೇರವಾಗಿ ಹೇಳಲು ಅಡ್ಡಿಯೇನು?

ಅಲ್ಲಿಯವರೆಗೆ ಬಿಲ್ಲುಗಳನ್ನು ಜೋಪಾನವಾಗಿಡಬೇಕು. 2022ರ ಕೊನೆಗೆ 13ನೇ ತಲೆಮಾರಿನ ಐ7 ಅಥವಾ ಐ9 ಕೊಂಡವರಿಗೆ ಹೆಚ್ಚುವರಿ ವಾರಂಟಿ 2027ರ ಕೊನೆಯವರೆಗೂ ಇದೆ. ಪೆಟ್ಟಿಗೆಯೊಡನೆ ಕೊಂಡಿದ್ದರೆ ಇಂಟೆಲ್‌ನವರನ್ನೇ ಕೇಳಬಹುದು. ಪೆಟ್ಟಿಗೆಯಿಲ್ಲದ, ಬರೀ ಟ್ರೇಯಿಂದ ಎತ್ತಿಕೊಟ್ಟ ಪ್ರೊಸೆಸರ್ ಆದರೆ ಮಾರಿದ ಅಂಗಡಿಗೇ ಹೋಗಬೇಕು, ಅಂಗಡಿ ಇನ್ನೂ ಇದ್ದರೆ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಈ ಪ್ರೊಸೆಸರ್‌ಗಳು ಅಗ್ಗಕ್ಕೆ ಕಂಡರೆ ಬಿಲ್ಲು ಕೇಳುವುದರ ಜೊತೆಗೆ, ದೊಡ್ಡದೊಂದು ಆಟವನ್ನು ಮೊದಲ ಸಲ ತೆರೆದು ಶೇಡರ್ ಸಿದ್ಧವಾಗುವವರೆಗೆ ಎದುರಿಗೇ ಕೂತು ನೋಡಿ ದುಡ್ಡು ಕೊಡುವುದು ಕ್ಷೇಮ.