ಪಡೆದಲ್ಲಿಗೇ ಹಿಂದಿರುಗಿಸಿ

ಬೋಟು ಹೊರಡುವ ಮೊದಲು ಮಲ್ಪೆಯ ಮೀನುಗಾರರಿಗೆ ಬೇಕಾಗುವುದು ಅಲೆಗಳ ಮುನ್ಸೂಚನೆ. ಅದನ್ನು ಸಿದ್ಧಪಡಿಸುವುದು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ. ಅಲ್ಲಿ ಅಲೆಗಳ ಲೆಕ್ಕಕ್ಕೆ ಬಳಸುವ ‘ವೇವ್‌ವಾಚ್’ ಪ್ರೋಗ್ರಾಮ್ ಫೋರ್ಟ್ರಾನ್ ಭಾಷೆಯದು. ಫೋರ್ಟ್ರಾನ್ ಬಳಕೆಗೆ ಬಂದದ್ದು 1957ರಲ್ಲಿ. ಮಣಿಪಾಲದ ಇಂಜಿನಿಯರಿಂಗ್ ಕಾಲೇಜು ಹುಟ್ಟಿದ ವರ್ಷವೂ ಅದೇ. ಇಂದಿನ ವಿದ್ಯಾರ್ಥಿಗಳು ಕಲಿಯುವುದು ಸಿ, ಪೈಥಾನ್. ಹಾಗೆಂದು ದಶಕಗಳ ಕಾಲ ಪರೀಕ್ಷೆಗೊಳಗಾದ ಲೆಕ್ಕವನ್ನು ಮೂಲೆಗೆ ಎಸೆಯಲಾದೀತೇ? ಎರಡು ಭಾಷೆಗಳನ್ನು ಜೋಡಿಸಬೇಕಾಗುತ್ತದೆ. ತೊಡಕು ಇರುವುದೂ ಇಲ್ಲಿಯೇ.

ಬೋಟು ದಡಕ್ಕೆ ಬರುವವರೆಗೆ ಎಷ್ಟು ಮೀನು ಸಿಕ್ಕಿದೆಯೆಂದು ತಿಳಿಯದು. ಬಂದ ಮೇಲೆ ಬೇಕಾದಷ್ಟು ಪೆಟ್ಟಿಗೆಗಳನ್ನು ಗೋದಾಮಿನಿಂದ ಬಾಡಿಗೆಗೆ ತಂದರೆಂದು ಭಾವಿಸಿ. ಪ್ರೋಗ್ರಾಮ್ ಕೂಡ ಹಾಗೆಯೇ, ಓಡುತ್ತಿರುವಾಗಲೇ ತನಗೆ ಬೇಕಾದಷ್ಟು ಮೆಮೊರಿಯನ್ನು ಪಡೆಯುತ್ತದೆ. ಸಿ ಭಾಷೆಯಲ್ಲಿ ಪಡೆಯಲು ‘ಮ್ಯಾಲಾಕ್’, ಹಿಂದಿರುಗಿಸಲು ‘ಫ್ರೀ’. ಫೋರ್ಟ್ರಾನಿನಲ್ಲಿ ‘ಅಲೋಕೇಟ್’ ಮತ್ತು ‘ಡಿಅಲೋಕೇಟ್’. ಎರಡೂ ಬೇರೆ ಬೇರೆ ಗೋದಾಮುಗಳೆಂದೇ ತಿಳಿಯಿರಿ. ಒಂದರಿಂದ ತಂದ ಪೆಟ್ಟಿಗೆಯನ್ನು ಇನ್ನೊಂದಕ್ಕೆ ಕೊಟ್ಟರೆ ಇಬ್ಬರ ಲೆಕ್ಕವೂ ಕೆಡುತ್ತದೆ. ಯಾರೂ ಹಿಂದಿರುಗಿಸದಿದ್ದರೆ ಮೆಮೊರಿ ಸೋರುತ್ತ ಹೋಗುತ್ತದೆ. ಇಬ್ಬರೂ ಹಿಂದಿರುಗಿಸಿದರೆ ಪ್ರೋಗ್ರಾಮ್ ಕುಸಿಯಬಹುದು.

ಸಿ ಭಾಷೆ ಫೋರ್ಟ್ರಾನಿಗೆ ಕೊಡುವುದು ಮೆಮೊರಿಯ ವಿಳಾಸವನ್ನು ಮಾತ್ರ. ಅಲ್ಲಿ ಎಷ್ಟು ಅಂಕಿಗಳಿವೆಯೆಂದು ಬೇರೆಯಾಗಿಯೇ ತಿಳಿಸಬೇಕು. 2003ರ ಫೋರ್ಟ್ರಾನ್ ಈ ಕೊಡುಕೊಳ್ಳುವಿಕೆಗೆ ಅಧಿಕೃತ ದಾರಿಯೊಂದನ್ನು ಒದಗಿಸಿತು. ಆದರೂ ಒಂದು ಎಚ್ಚರ ಬೇಕು: ಕೋಷ್ಟಕವನ್ನು ಸಿ ಅಡ್ಡಸಾಲಿನಂತೆ ಜೋಡಿಸಿಡುತ್ತದೆ, ಫೋರ್ಟ್ರಾನ್ ಕಂಬಸಾಲಿನಂತೆ. ಇದನ್ನು ಮರೆತರೆ ಪ್ರೋಗ್ರಾಮ್ ನಿಲ್ಲುವುದಿಲ್ಲ, ತಪ್ಪು ಉತ್ತರವನ್ನೇ ಕೊಡುತ್ತದೆ. ಅಲೆಯ ಎತ್ತರದ ವಿಷಯದಲ್ಲಿ ಇದು ಕುಸಿತಕ್ಕಿಂತ ಅಪಾಯಕರ.

ವಿದ್ಯಾರ್ಥಿಗಳು ಪಾಲಿಸಬೇಕಾದ ನಿಯಮ ಸರಳ: ಮೆಮೊರಿಯನ್ನು ಪಡೆದ ಭಾಷೆಯೇ ಅದನ್ನು ಹಿಂದಿರುಗಿಸಲಿ. ಸಿ ಕಡೆಯಲ್ಲಿ ಪಡೆಯುವುದಕ್ಕೊಂದು, ಬಿಡುವುದಕ್ಕೊಂದು, ಹೀಗೆ ಜೋಡಿ ಫಂಕ್ಷನ್‌ಗಳನ್ನು ಬರೆದಿಡಿ. ಫೋರ್ಟ್ರಾನ್ ಕೆಲಸ ಮುಗಿದ ಮೇಲೆ ಎರಡನೆಯದನ್ನು ಕರೆಯಲಿ.

ಹೆತ್ತವರಿಗೂ ಒಂದು ಮಾತು. “ನಿನ್ನೆ ಸರಿಯಿದ್ದ ಪ್ರೋಗ್ರಾಮ್ ಇಂದು ಕೆಟ್ಟಿದೆ” ಎಂದು ಮಗಳೋ ಮಗನೋ ಹೇಳಿದರೆ ಅದನ್ನು ಸೋಮಾರಿತನದ ನೆಪವೆಂದು ಗದರಬೇಡಿ. ಮೆಮೊರಿಯ ತಪ್ಪು ನಡೆಯುವುದು ಒಂದು ಕಡೆ, ಕಾಣಿಸುವುದು ಇನ್ನೊಂದು ಕಡೆ, ಅದೂ ತಡವಾಗಿ. ನಿಮಗೆ ಕಂಪ್ಯೂಟರ್ ತಿಳಿಯದಿದ್ದರೂ ಚಿಂತೆಯಿಲ್ಲ, ಪಕ್ಕದಲ್ಲಿ ಕುಳಿತು ಕೇಳಿ: “ಇದನ್ನು ತಂದವರು ಯಾರು? ಹಿಂದಿರುಗಿಸುವವರು ಯಾರು?” ಉತ್ತರ ಹುಡುಕುತ್ತ ಹೋದರೆ ತಪ್ಪು ತಾನಾಗಿಯೇ ಕಣ್ಣಿಗೆ ಬಿದ್ದೀತು.